ಹೊಸ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಕ್ಕೆ ಐದು ಜನ ಸಿಗುವುದು ಯಾಕಿಷ್ಟು ಕಷ್ಟ?

2025ರ ಮೇ 20ರಂದು ಅಮೆರಿಕದ ಡ್ಯಾರಿಂಗ್ಟನ್ ಪ್ರೆಸ್ 'ಡ್ಯಾಗರ್‌ಹಾರ್ಟ್' ಎಂಬ ಹೊಸ ಫ್ಯಾಂಟಸಿ ಆಟವನ್ನು ಹೊರತಂದಿತು. ಈ ಪ್ರಕಾಶನದ ಒಡೆಯರು 'ಕ್ರಿಟಿಕಲ್ ರೋಲ್' ತಂಡದವರು. ತಾವು ಆಡುವ ಆಟವನ್ನೇ 2015ರಿಂದ ಇಂಟರ್ನೆಟ್‌ನಲ್ಲಿ ತೋರಿಸುತ್ತಾ ದೊಡ್ಡ ಅಭಿಮಾನಿ ಬಳಗ ಕಟ್ಟಿಕೊಂಡ ಕಂಠದಾನ ಕಲಾವಿದರು ಇವರು. ಹೊಸ ಆಟವೊಂದಕ್ಕೆ ಇದಕ್ಕಿಂತ ಒಳ್ಳೆಯ ಶುರುವಾತು ಸಿಗುವುದು ಕಷ್ಟ. ಹಣವಿತ್ತು, ಹೆಸರಿತ್ತು, ಕಾಯುತ್ತಿದ್ದ ಜನರಿದ್ದರು. ಮೊದಲ ಮುದ್ರಣ ಬೇಗ ಖಾಲಿಯೂ ಆಯಿತು. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ಆ ತಂಡ ತನ್ನ ನಾಲ್ಕನೇ ಮುಖ್ಯ ಕಥಾಸರಣಿ ಶುರು ಮಾಡಿದಾಗ ಆಡಿದ್ದು ಬೇರೊಂದು ಕಂಪನಿಯ ಹಳೆಯ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್.

ಸ್ವಂತ ಆಟ ಇರುವವರೇ ಹಳೆಯ ಆಟಕ್ಕೆ ಕೂತರು ಅಂದಮಾತ್ರಕ್ಕೆ ಹೊಸದು ಕೆಟ್ಟದ್ದು ಅಂತ ಆಗುವುದಿಲ್ಲ. ಡ್ಯಾಗರ್‌ಹಾರ್ಟ್ ಒಳ್ಳೆಯ ಆಟ ಎಂದೇ ನನ್ನ ಅಭಿಪ್ರಾಯ. ಆದರೆ ಈ ಕ್ಷೇತ್ರಕ್ಕೆ ಬರುವ ಹೊಸಬರಿಗೆ ಯಾವ ಗೋಡೆ ಅಡ್ಡ ನಿಂತಿದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಈ ಬಗೆಯ ಆಟವನ್ನು ಎಂದೂ ನೋಡದವರಿಗೆ ಮೊದಲು ಒಂದು ಮಾತು. ತಾಳಮದ್ದಳೆ ಗೊತ್ತಿದ್ದರೆ ಅರ್ಧ ಆಟ ಗೊತ್ತಿದ್ದ ಹಾಗೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗುತ್ತಾರೆ, ಆ ಹೊತ್ತಿಗೆ ಹೊಳೆದ ಮಾತು ಆಡುತ್ತಾರೆ. ಇಲ್ಲೂ ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಯೋಧ, ಒಬ್ಬಳು ಮಂತ್ರವಾದಿ, ಇನ್ನೊಬ್ಬ ಕಳ್ಳ. ಭಾಗವತರ ಜಾಗದಲ್ಲಿ ಆಟ ನಡೆಸುವ ಗೇಮ್ ಮಾಸ್ಟರ್ ಇರುತ್ತಾರೆ. ಊರು, ಕಾಡು, ರಾಕ್ಷಸರು ಎಲ್ಲ ಅವರ ಮಾತಿನಲ್ಲೇ ಹುಟ್ಟುತ್ತವೆ. ವ್ಯತ್ಯಾಸ ಇರುವುದು ಕೊನೆಯಲ್ಲಿ. ಪ್ರಸಂಗದಲ್ಲಿ ಕರ್ಣ ಸಾಯಲೇಬೇಕು, ಅದು ಎಲ್ಲರಿಗೂ ಗೊತ್ತು. ಇಲ್ಲಿ ಕಥೆ ಎಲ್ಲಿಗೆ ಮುಟ್ಟುತ್ತದೆ ಎಂದು ಗೇಮ್ ಮಾಸ್ಟರ್‌ಗೂ ಗೊತ್ತಿರುವುದಿಲ್ಲ. ಕಂದಕ ಹಾರಿದವನು ದಾಟಿದನೋ ಬಿದ್ದನೋ ಎಂದು ದಾಳ ಹೇಳುತ್ತದೆ. ದಾಳ ಯಾವಾಗ ಹಾಕಬೇಕು, ಬಿದ್ದ ಅಂಕಿಗೆ ಏನರ್ಥ ಎಂದು ತಿಳಿಸುವುದು ನಿಯಮಪುಸ್ತಕ. ಹೊಸ ಆಟ ಅಂದರೆ ಮುಖ್ಯವಾಗಿ ಹೊಸದೊಂದು ನಿಯಮಪುಸ್ತಕ.

ಇಂಥ ಮೊದಲ ಪುಸ್ತಕ ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಬರೆದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅದು. ಇದನ್ನು ಚಿಕ್ಕದಾಗಿ ಡಿ ಅಂಡ್ ಡಿ ಅನ್ನುತ್ತಾರೆ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ 1,000 ಪೆಟ್ಟಿಗೆಗಳನ್ನು ಕೈಯಲ್ಲೇ ಜೋಡಿಸಿ, ಪೆಟ್ಟಿಗೆಗೆ 10 ಡಾಲರ್‌ನಂತೆ ಮಾರಿದರು. ವರ್ಷ ತುಂಬುವಷ್ಟರಲ್ಲಿ ಖಾಲಿ. ಆ ನಿಯಮಗಳು ಗೊಂದಲಮಯವಾಗಿದ್ದವು, ಓದಿದವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ನಡೆಯಿತು, ಯಾಕೆಂದರೆ ಜನರಿಗೆ ಹೋಲಿಸಿ ನೋಡಲು ಬೇರೆ ಆಟವೇ ಇರಲಿಲ್ಲ. ಆಮೇಲೆ ಬಂದ ಯಾವ ಆಟಕ್ಕೂ ಆ ಭಾಗ್ಯ ಸಿಕ್ಕಿಲ್ಲ.

ಒಬ್ಬರು ಕೊಂಡರೆ ಸಾಲದು

ಕಾದಂಬರಿಯೊಂದು ಹೊಸದಾಗಿ ಬಂದರೆ ನೀವೊಬ್ಬರೇ ಕೊಂಡು ಓದಬಹುದು. ಪಕ್ಕದವರು ಅದನ್ನು ಓದಿದರೋ ಇಲ್ಲವೋ ಎಂಬುದರಿಂದ ನಿಮಗೇನೂ ಕಷ್ಟವಿಲ್ಲ. ರೋಲ್‌ಪ್ಲೇಯಿಂಗ್ ಆಟ ಹಾಗಲ್ಲ. ಒಬ್ಬರು ಕೊಳ್ಳುತ್ತಾರೆ, ಆಡಲು ಐವರು ಬೇಕು. ಆ ಐವರಲ್ಲಿ ನಾಲ್ವರು ಪುಸ್ತಕ ಕೊಳ್ಳದೇ ಇರಬಹುದು, ಆದರೆ ಅವರೆಲ್ಲರೂ ಒಪ್ಪಬೇಕು. ಎಲ್ಲರಿಗೂ ಬಿಡುವಿರುವ ಒಂದು ಸಂಜೆ ಸಿಗಬೇಕು. ಮುನ್ನೂರು, ನಾನೂರು ಪುಟ ಓದಿ ಉಳಿದವರಿಗೆ ಕಲಿಸುವ ತಾಳ್ಮೆ ಒಬ್ಬರಿಗಾದರೂ ಇರಬೇಕು.

ಆ ಗುಂಪಿಗೆ ಈಗಾಗಲೇ ಒಂದು ಆಟ ಗೊತ್ತು. ಹತ್ತರಲ್ಲಿ ಎಂಟು ಸಲವಾದರೂ ಅದು ಡಿ ಅಂಡ್ ಡಿ ಎಂದು ಧೈರ್ಯವಾಗಿ ಊಹಿಸಬಹುದು. ಅದರ ಪುಸ್ತಕಗಳಿಗೆ ದುಡ್ಡು ಕೊಟ್ಟಾಗಿದೆ, ನಿಯಮ ತಲೆಯಲ್ಲಿದೆ. ಎರಡು ವರ್ಷದಿಂದ ನಡೆದು ಬಂದ ಕಥೆ ಅರ್ಧದಲ್ಲಿದೆ. ಅಲ್ಲಿ ತಾವೇ ಬೆಳೆಸಿದ ಪಾತ್ರದ ಮೇಲೆ ಮಮತೆ ಇದೆ. ಇದನ್ನೆಲ್ಲ ಬಿಟ್ಟು ಬನ್ನಿ ಎಂದು ಹೊಸ ಆಟ ಕೇಳುತ್ತಿದೆ. "ಸ್ವಲ್ಪ ಚೆನ್ನಾಗಿದೆ" ಎಂಬ ಕಾರಣ ಇದಕ್ಕೆ ಸಾಲುತ್ತದಾ? ಸಾಲುವುದಿಲ್ಲ. ಹೊಸ ಆಟದ ನಿಜವಾದ ಎದುರಾಳಿ ಅಂಗಡಿಯ ಕಪಾಟಿನಲ್ಲಿರುವ ಇನ್ನೊಂದು ಪುಸ್ತಕ ಅಂತ ನನಗನಿಸುವುದಿಲ್ಲ. ಒಂದು ಗುಂಪಿನ ರೂಢಿಯೇ ಎದುರಾಳಿ. ಹಣ, ಮುದ್ರಣ, ಪರವಾನಗಿ ಹೀಗೆ ಬೇರೆ ಎಷ್ಟೋ ತೊಡಕುಗಳಿವೆ. ಆದರೆ ಅವೆಲ್ಲ ಇಷ್ಟು ಭಾರವಾಗುವುದು ಈ ಒಂದು ತೊಡಕಿನಿಂದ.

ಬೆಂಗಳೂರಿನಲ್ಲೂ ವಾರಾಂತ್ಯಕ್ಕೆ ಈ ಆಟ ಆಡುವ ಗುಂಪುಗಳಿವೆ. ಇಲ್ಲಿ ಗೋಡೆ ಇನ್ನೂ ಎತ್ತರ. 60 ಡಾಲರ್ ಪುಸ್ತಕ ಅಂದರೆ 5,000 ರೂಪಾಯಿಗೂ ಮೇಲೆ, ಸಾಗಣೆ ಬೇರೆ. ಇದ್ದ ಒಂದು ಆಟಕ್ಕೇ ಜನ ಹೊಂದಿಸುವುದು ಸಾಹಸವಾಗಿರುವಾಗ ಎರಡನೆಯದಕ್ಕೆ ಯಾರು ಕೈ ಹಾಕುತ್ತಾರೆ?

ಹಳೆಯ ಆಟವೇ ಕೊಟ್ಟ ಬಾಗಿಲು

ಆಟಗಾರರ ಈ ಜಾಲದ ಬಲ ಡಿ ಅಂಡ್ ಡಿ ಮಾಲೀಕರಿಗೂ ಚೆನ್ನಾಗಿ ಗೊತ್ತಿತ್ತು. ಆಟವನ್ನು ಮೊದಲು ಪ್ರಕಟಿಸಿದ್ದ ಟಿಎಸ್‌ಆರ್ ಕಂಪನಿ 1997ರ ಹೊತ್ತಿಗೆ ಸಾಲದಲ್ಲಿ ಮುಳುಗಿತ್ತು. ವಿಝರ್ಡ್ಸ್ ಆಫ್ ದಿ ಕೋಸ್ಟ್ ಅದನ್ನು ಕೊಂಡಿತು. 2000ದಲ್ಲಿ ಮೂರನೇ ಆವೃತ್ತಿ ತಂದಾಗ, ರಯಾನ್ ಡ್ಯಾನ್ಸಿ ಎಂಬುವರ ಮುತುವರ್ಜಿಯಿಂದ 'ಓಪನ್ ಗೇಮ್ ಲೈಸೆನ್ಸ್' ಎಂಬ ಪರವಾನಗಿಯೂ ಬಂತು. ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ ತಮ್ಮ ಪುಸ್ತಕ ಮಾಡಬಹುದು, ಕಾಸು ಕೊಡಬೇಕಿಲ್ಲ. ಎಲ್ಲರೂ ನಮ್ಮ ನಿಯಮಕ್ಕೇ ಪುಸ್ತಕ ಬರೆದರೆ ಕೊನೆಗೆ ನಮ್ಮ ಮೂಲ ಪುಸ್ತಕವೇ ಹೆಚ್ಚು ಮಾರಾಟವಾಗುತ್ತದೆ ಎಂಬುದು ಡ್ಯಾನ್ಸಿ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು. ಸಣ್ಣ ಪ್ರಕಾಶಕರಿಗೂ ಅನುಕೂಲವಾಯಿತು. ಹೊಸ ಗುಂಪು ಕಟ್ಟುವ ಕಷ್ಟವಿಲ್ಲದೆ, ಇದ್ದ ಗುಂಪಿಗೇ ಮಾರುವ ದಾರಿ ಸಿಕ್ಕಿತು.

ಈ ಬಾಗಿಲಿನಿಂದ ಹೊರಗೆ ಬಂದ ದೊಡ್ಡ ಪ್ರತಿಸ್ಪರ್ಧಿ ಪಾತ್‌ಫೈಂಡರ್. 2008ರಲ್ಲಿ ಡಿ ಅಂಡ್ ಡಿ ನಾಲ್ಕನೇ ಆವೃತ್ತಿ ಬಂದಾಗ ನಿಯಮಗಳು ಪೂರ್ತಿ ಬದಲಾದವು, ಪರವಾನಗಿಯೂ ಬಿಗಿಯಾಯಿತು. ಹಳೆಯ ಆವೃತ್ತಿಯನ್ನು ಪ್ರೀತಿಸುತ್ತಿದ್ದ ಸಾವಿರಾರು ಗುಂಪುಗಳು ನಡುನೀರಿನಲ್ಲಿ ನಿಂತವು. ಪೈಜೋ ಎಂಬ ಕಂಪನಿ ಆ ಹಳೆಯ ನಿಯಮಗಳನ್ನೇ ತಿದ್ದಿ, ಕರಡನ್ನು ಉಚಿತವಾಗಿ ಹಂಚಿ, ಆಟಗಾರರ ಅಭಿಪ್ರಾಯ ಕೇಳಿ, 2009ರ ಆಗಸ್ಟ್‌ನಲ್ಲಿ ಪಾತ್‌ಫೈಂಡರ್ ಹೊರತಂದಿತು. ಗಮನಿಸಿ, ಇದು ಗೆದ್ದದ್ದು ಹೊಸತನದಿಂದಲ್ಲ. "ನಿಮ್ಮ ರೂಢಿ ಬದಲಿಸಬೇಕಿಲ್ಲ" ಎಂದು ಹೇಳಿದ್ದರಿಂದ. ಡಿ ಅಂಡ್ ಡಿ ತನ್ನ ಆಟಗಾರರನ್ನು ತಾನೇ ಸಡಿಲಬಿಟ್ಟಾಗ ಮಾತ್ರ ಹೊಸಬರಿಗೆ ದೊಡ್ಡ ಅವಕಾಶ ಸಿಗುತ್ತದೆ ಎಂಬುದಕ್ಕೆ ಇದು ಮೊದಲ ಪುರಾವೆ.

ಎರಡನೇ ಪುರಾವೆ 2023ರ ಜನವರಿಯಲ್ಲಿ ಸಿಕ್ಕಿತು. ವಿಝರ್ಡ್ಸ್ ತಯಾರಿಸಿದ್ದ ಓಪನ್ ಗೇಮ್ ಲೈಸೆನ್ಸ್‌ನ ಹೊಸ ಕರಡೊಂದು ಸೋರಿಕೆಯಾಯಿತು. ಅದರ ಪ್ರಕಾರ ಹಳೆಯ ಪರವಾನಗಿ ರದ್ದು. ವರ್ಷಕ್ಕೆ 7,50,000 ಡಾಲರ್ ಮೀರಿ ಗಳಿಸುವವರು ಮೀರಿದ ಮೊತ್ತದಲ್ಲಿ ಶೇ 25ರಷ್ಟನ್ನು ರಾಯಧನವಾಗಿ ಕೊಡಬೇಕು. ಅದು ಲಾಭದ ಮೇಲಲ್ಲ, ಒಟ್ಟು ವರಮಾನದ ಮೇಲೆ! ಪುಸ್ತಕ ವ್ಯವಹಾರದಲ್ಲಿ ಅಷ್ಟು ಲಾಭವೇ ಉಳಿಯುವುದಿಲ್ಲ. ಎರಡು ದಶಕ ಈ ಪರವಾನಗಿಯನ್ನು ನಂಬಿ ಬದುಕು ಕಟ್ಟಿಕೊಂಡಿದ್ದ ಬರಹಗಾರರು, ಚಿತ್ರಕಾರರು ಒಂದೇ ವಾರದಲ್ಲಿ ಕಂಗಾಲಾದರು. ಆಟಗಾರರು ಸಿಟ್ಟಿಗೆದ್ದು ಡಿ ಅಂಡ್ ಡಿಯ ಆನ್‌ಲೈನ್ ಚಂದಾ ರದ್ದು ಮಾಡಿದರು. ಕೊನೆಗೆ ಜನವರಿ 27ರಂದು ಕಂಪನಿ ಹಿಂದೆ ಸರಿಯಿತು. ಐದನೇ ಆವೃತ್ತಿಯ ಮೂಲ ನಿಯಮಗಳನ್ನು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಇದನ್ನು ಇನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ.

ಈ ಗಲಾಟೆಯಿಂದಲೇ ಹೊಸ ಆಟಗಳ ಒಂದು ಅಲೆ ಎದ್ದಿತು. ಮ್ಯಾಟ್ ಕೋಲ್ವಿಲ್ ಅವರ ಎಂಸಿಡಿಎಂ ಸಂಸ್ಥೆ 'ಡ್ರಾ ಸ್ಟೀಲ್'ಗೆ 2023ರ ಕೊನೆಯಲ್ಲಿ ಜನರಿಂದಲೇ ಸುಮಾರು 46 ಲಕ್ಷ ಡಾಲರ್ ಸೇರಿಸಿತು. ಕೆಲ್ಸಿ ಡಿಯೋನ್ ಅವರ 'ಶ್ಯಾಡೋಡಾರ್ಕ್' ಅದೇ ವರ್ಷ ಮಾರ್ಚ್‌ನಲ್ಲಿ 13,000ಕ್ಕೂ ಹೆಚ್ಚು ಬೆಂಬಲಿಗರಿಂದ 13 ಲಕ್ಷ ಡಾಲರ್ ದಾಟಿತು. ಸಮಯ ಕೂಡಿ ಬಂತು ನಿಜ. ಆದರೆ ಕೋಲ್ವಿಲ್, ಡಿಯೋನ್ ಇಬ್ಬರೂ ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಡಿ ಅಂಡ್ ಡಿ ಆಟಗಾರರಿಗೇ ಪುಸ್ತಕ ಬರೆದು ವಿಶ್ವಾಸ ಗಳಿಸಿದ್ದವರು. ಪರಿಚಯವಿಲ್ಲದವರು ಅದೇ ತಿಂಗಳು ಅಷ್ಟೇ ಒಳ್ಳೆಯ ಆಟ ತಂದಿದ್ದರೂ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಕಾನೂನಿನ ಬಗ್ಗೆ ಒಂದು ಸಣ್ಣ ಮಾತು. ಅಮೆರಿಕದ ಕಾನೂನಿನಲ್ಲಿ ಆಟದ ವಿಧಾನಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಬರೆದ ಮಾತುಗಳಿಗೆ ಇದೆ. ಇಪ್ಪತ್ತು ಮುಖದ ದಾಳ ಹಾಕುವುದು ಯಾರ ಸ್ವತ್ತೂ ಅಲ್ಲ. ಹೆಸರುಗಳ ಕಥೆ ಬೇರೆ. ಡಿ ಅಂಡ್ ಡಿಯೇ ತನ್ನ ಮೊದಲ ವರ್ಷಗಳಲ್ಲಿ, ಟೋಲ್ಕಿನ್ ಕಾದಂಬರಿಗಳಿಂದ ತಂದ 'ಹಾಬಿಟ್' ಎಂಬ ಹೆಸರನ್ನು ಕಾನೂನಿನ ಬೆದರಿಕೆ ಬಂದ ಮೇಲೆ 'ಹಾಫ್‌ಲಿಂಗ್' ಎಂದು ಬದಲಿಸಬೇಕಾಯಿತು.

ಎಷ್ಟು ಹೊಸದಾಗಿರಬೇಕು?

ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಹಳೆಯದರಂತೆಯೇ ಇದ್ದರೆ "ಅದೇ ಇದೆಯಲ್ಲ, ಇದು ಯಾಕೆ?" ಅನ್ನುತ್ತಾರೆ. ಪೂರ್ತಿ ಬೇರೆಯಾದರೆ "ಇದನ್ನೆಲ್ಲ ಯಾರು ಕಲಿಯುತ್ತಾರೆ?" ಅನ್ನುತ್ತಾರೆ. ಎಷ್ಟೋ ಜನ ವರ್ಷಗಟ್ಟಲೆ ದುಡಿದು, ಕೂಡಿಟ್ಟ ಹಣ ಸುರಿದು ತಮ್ಮದೇ ಫ್ಯಾಂಟಸಿ ಆಟ ಅಚ್ಚು ಹಾಕಿಸಿದ್ದಾರೆ. ಹೆಚ್ಚಿನವು ಸದ್ದಿಲ್ಲದೆ ಮರೆಯಾದವು. ರಾನ್ ಎಡ್ವರ್ಡ್ಸ್ ಎಂಬ ವಿನ್ಯಾಸಕಾರರು 2002ರಲ್ಲಿ ಇಂಥ ಆಟಗಳನ್ನು ಕೂಡಿಸಿ ನೋಡಿ ಒಂದು ಬೇಸರದ ಸಂಗತಿ ಗುರುತಿಸಿದರು. ಪ್ರತಿಯೊಂದರಲ್ಲೂ ನಿಜಕ್ಕೂ ಹೊಸದಾದ ಒಂದೆರಡು ಯೋಚನೆಗಳಿದ್ದವು. ಆದರೆ ಅವು ಡಿ ಅಂಡ್ ಡಿಯ ಅನುಕರಣೆಯ ಕೆಳಗೆ ಹೂತುಹೋಗಿದ್ದವು.

ಶ್ಯಾಡೋಡಾರ್ಕ್ ಈ ಪ್ರಶ್ನೆಗೆ ಜಾಣ ಉತ್ತರ ಕಂಡುಕೊಂಡಿತು. ಪಾತ್ರದ ಬಲ, ಬುದ್ಧಿಯಂಥ ಆರು ಸಾಮರ್ಥ್ಯಗಳು, ಇಪ್ಪತ್ತು ಮುಖದ ದಾಳ ಎಲ್ಲ ಹಳೆಯವೇ. ಡಿ ಅಂಡ್ ಡಿ ಬಲ್ಲವರು ಹತ್ತು ನಿಮಿಷದಲ್ಲಿ ಆಟಕ್ಕೆ ಕೂರಬಹುದು. ಆದರೆ ಒಂದು ನಿಯಮ ಎಲ್ಲವನ್ನೂ ಬದಲಿಸುತ್ತದೆ. ಪಾತ್ರದ ಕೈಯಲ್ಲಿರುವ ಪಂಜು ನಿಜವಾದ ಒಂದು ಗಂಟೆ ಮಾತ್ರ ಉರಿಯುತ್ತದೆ, ಮೇಜಿನ ಮೇಲೆ ಗಡಿಯಾರ ಓಡುತ್ತಿರುತ್ತದೆ. ಹರಟುತ್ತಾ ಕೂತರೆ ನೆಲಮಾಳಿಗೆಯಲ್ಲಿ ಕತ್ತಲು. ಇಡೀ ಆಟದ ಗುಣ ಒಂದೇ ವಾಕ್ಯದಲ್ಲಿ ಹೇಳಿ ಮುಗಿಯಿತು ನೋಡಿ. ಸ್ನೇಹಿತರನ್ನು ಒಪ್ಪಿಸಬೇಕಾದವರಿಗೆ ಇಂಥ ಒಂದು ವಾಕ್ಯ ಸಿಕ್ಕರೆ ಸಾಕು. 2024ರಲ್ಲಿ ಈ ಕ್ಷೇತ್ರದ ದೊಡ್ಡ ಪ್ರಶಸ್ತಿಯಾದ ಎನ್ನಿಯಲ್ಲಿ ವರ್ಷದ ಅತ್ಯುತ್ತಮ ಎಂಬ ಗೌರವ ಇದಕ್ಕೆ ಸಿಕ್ಕಿತು.

ಡ್ಯಾಗರ್‌ಹಾರ್ಟ್ ಹೆಚ್ಚು ದೂರ ಹೋಯಿತು. ಇಲ್ಲಿ ಹನ್ನೆರಡು ಮುಖದ ಎರಡು ದಾಳ, ಒಂದು ಭರವಸೆಯದು, ಒಂದು ಭಯದ್ದು. ಎರಡನ್ನೂ ಕೂಡಿಸಿದರೆ ಗೆದ್ದೆಯಾ ಸೋತೆಯಾ ಎಂದು ಗೊತ್ತಾಗುತ್ತದೆ. ಯಾವುದು ದೊಡ್ಡದು ಎಂಬುದರಿಂದ ಕಥೆ ಯಾರ ಕಡೆ ವಾಲುತ್ತದೆ ಎಂದು ಗೊತ್ತಾಗುತ್ತದೆ. ಅಂದರೆ ಗೆದ್ದರೂ ಸಂಕಟ ಬರಬಹುದು, ಸೋತರೂ ಆಸೆ ಉಳಿಯಬಹುದು. ಎರಡೂ ದಾಳಗಳಲ್ಲಿ ಒಂದೇ ಅಂಕಿ ಬಿದ್ದರೆ ಭಾರಿ ಗೆಲುವು. ಹೋರಾಟದಲ್ಲಿ ಯಾರ ನಂತರ ಯಾರು ಎಂಬ ಸರದಿಯೇ ಇಲ್ಲ. ಕಥೆ ಹೇಳುವುದನ್ನು ಇಷ್ಟಪಡುವವರಿಗೆ ಇದು ಹಬ್ಬ. ಹತ್ತು ವರ್ಷ ಸರದಿ ಪ್ರಕಾರ ಆಡಿದವರಿಗೆ ಮಾತ್ರ ಕಲಿಯುವುದಕ್ಕಿಂತ ಮರೆಯುವುದೇ ಕಷ್ಟ.

ದಾಳ ಬದಲಿಸುವುದು ಸಣ್ಣ ವಿಷಯ ಅಲ್ವಾ ಅನ್ನಿಸಬಹುದು. ಅಲ್ಲ. ಇಪ್ಪತ್ತು ಮುಖದ ಒಂದು ದಾಳದಲ್ಲಿ ಯಾವ ಅಂಕಿಗಾದರೂ ಸಾಧ್ಯತೆ ಒಂದೇ, ಶೇ 5. ಹತ್ತು ಮುಖದ ಎರಡು ದಾಳ ಕೂಡಿಸಿದರೆ 11 ಬೀಳಲು ಶೇ 10, 20 ಬೀಳಲು ಶೇ 1. ಈಗ ಮಂತ್ರದ ಕತ್ತಿಯೊಂದು 1 ಅಂಕ ಹೆಚ್ಚು ಕೊಡುತ್ತದೆ ಎಂದುಕೊಳ್ಳಿ. ಒಂದೇ ದಾಳದಲ್ಲಿ ಆ 1 ಅಂಕದ ಬೆಲೆ ಸಾಮಾನ್ಯವಾಗಿ ಶೇ 5. ಎರಡು ದಾಳದಲ್ಲಿ ಕನಿಷ್ಠ 11 ಬೇಕಿದ್ದವನ ಅವಕಾಶ ಶೇ 55ರಿಂದ 64ಕ್ಕೆ ಏರುತ್ತದೆ, 20 ಬೇಕಿದ್ದವನದ್ದು ಶೇ 1ರಿಂದ 3ಕ್ಕೆ ಮಾತ್ರ. ಅದೇ ಕತ್ತಿ ಒಂದು ಕಡೆ ಜಾಸ್ತಿ ಆಯಿತು, ಇನ್ನೊಂದು ಕಡೆ ಸಾಲದಾಯಿತು. ಇನ್ನು ಪ್ರತಿ ಆಯುಧ, ಪ್ರತಿ ಮಂತ್ರ, ಪ್ರತಿ ರಾಕ್ಷಸನ ಬಲವನ್ನೂ ಮತ್ತೆ ತೂಗಬೇಕು. ಡ್ರಾ ಸ್ಟೀಲ್ ತಂಡ ಇದನ್ನು ನಿಜಕ್ಕೂ ಅನುಭವಿಸಿತು. ಆರು ಮುಖದ ಎರಡು ದಾಳದಿಂದ ಶುರು ಮಾಡಿದ್ದರು. ಹಣ ಸೇರಿದ ಮೇಲೆ, ಪರೀಕ್ಷೆಯ ಹಂತದಲ್ಲಿ ಹತ್ತು ಮುಖದ ಎರಡು ದಾಳಕ್ಕೆ ಬದಲಾದರು. ಸಾವಿರಾರು ಜನರ ದುಡ್ಡು ಕೈಯಲ್ಲಿ ಹಿಡಿದು "ಮೂಲವನ್ನೇ ಬದಲಿಸುತ್ತೇವೆ" ಅನ್ನಲು ಧೈರ್ಯ ಬೇಕು. ಆಟ 2025ರಲ್ಲಿ ಓದುಗರ ಕೈಸೇರಿತು.

ಪರೀಕ್ಷೆ ಅಂದರೆ ಬರೆದವರು ತಮ್ಮ ಸ್ನೇಹಿತರ ಜೊತೆ ಆಡಿ ನೋಡುವುದಷ್ಟೇ ಅಲ್ಲ. ಅಲ್ಲಿ ಪುಸ್ತಕದಲ್ಲಿ ಬಿಟ್ಟುಹೋದದ್ದನ್ನು ಬರೆದವರೇ ಬಾಯಲ್ಲಿ ತುಂಬಿಸುತ್ತಾರೆ, ತಪ್ಪು ಕಾಣುವುದೇ ಇಲ್ಲ. ಗುರುತಿಲ್ಲದ ಗುಂಪಿಗೆ ಕರಡು ಕಳಿಸಿ, ಅವರು ಎಲ್ಲಿ ತಡವರಿಸುತ್ತಾರೆ, ಯಾವ ನಿಯಮವನ್ನು ತಪ್ಪಾಗಿ ಓದುತ್ತಾರೆ ಎಂದು ಬಾಯಿಮುಚ್ಚಿ ನೋಡಬೇಕು. ಡಿ ಅಂಡ್ ಡಿ ಐದನೇ ಆವೃತ್ತಿಗೆ 2012ರಿಂದ ಎರಡು ವರ್ಷ ಸಾರ್ವಜನಿಕ ಪರೀಕ್ಷೆ ನಡೆಯಿತು, ಪಾಲುಗೊಂಡವರು 1,75,000ಕ್ಕೂ ಹೆಚ್ಚು. ಮನೆಯಲ್ಲಿ ಕೂತು ಆಟ ಬರೆಯುವ ಒಬ್ಬರಿಗೆ ಹತ್ತು ಅಪರಿಚಿತ ಗುಂಪು ಸಿಕ್ಕರೆ ಅದೇ ದೊಡ್ಡದು. ಇಲ್ಲೂ ಅದೇ ಸಮಸ್ಯೆ ನೋಡಿ. ಪರೀಕ್ಷಿಸಲಿಕ್ಕೂ ಐದು ಜನ ಬೇಕು.

ದುಡ್ಡಿನ ಲೆಕ್ಕ

ಒಂದು ಪುಸ್ತಕದ ಮುಖಬೆಲೆ 50 ಡಾಲರ್ ಎಂದಿಟ್ಟುಕೊಳ್ಳೋಣ. ಅಂಗಡಿ ಮಾರಾಟದ ದಾರಿಯಲ್ಲಿ ಡಿಸ್ಟ್ರಿಬ್ಯೂಟರ್ ಸಾಮಾನ್ಯವಾಗಿ ಅದನ್ನು ಮುಖಬೆಲೆಯ ಶೇ 40ಕ್ಕೆ ಕೊಳ್ಳುತ್ತಾರೆ. ಪ್ರಕಾಶಕರಿಗೆ ಬರುವುದು 20 ಡಾಲರ್. ಬಣ್ಣದ ಮುದ್ರಣ, ಗಟ್ಟಿ ರಟ್ಟು, ಗೋಡೌನಿಗೆ ಸಾಗಣೆ ಎಲ್ಲ ಸೇರಿ 10 ಡಾಲರ್ ಎಂದರೆ ಉಳಿದದ್ದು 10. ಚಿತ್ರ, ಸಂಪಾದನೆ, ಪುಟವಿನ್ಯಾಸಕ್ಕೆ 60,000 ಡಾಲರ್ ಖರ್ಚಾಗಿದ್ದರೆ 6,000 ಪ್ರತಿ ಮಾರಿದ ಮೇಲೆ ಹಾಕಿದ ಹಣ ವಾಪಸು. ಬರೆದವರ ಸಂಬಳ ಇದರಲ್ಲಿ ಇನ್ನೂ ಸೇರಿಲ್ಲ. ಚಿತ್ರ ಕಡಿಮೆ ಮಾಡೋಣವೆಂದರೆ ಆಗುವುದಿಲ್ಲ. ಕಾಣದ ಲೋಕವೊಂದನ್ನು ಐದು ಜನ ಒಂದೇ ರೀತಿ ಕಲ್ಪಿಸಿಕೊಳ್ಳಲು ಚಿತ್ರವೇ ಆಧಾರ.

ಅದಕ್ಕೇ ಎಲ್ಲರೂ ಈಗ ಕಿಕ್‌ಸ್ಟಾರ್ಟರ್‌ನಂಥ ಜಾಗಗಳಿಗೆ ಹೋಗುತ್ತಾರೆ. ಓದುಗರು ಮುಂಗಡ ಕೊಡುತ್ತಾರೆ, ಎಷ್ಟು ಪ್ರತಿ ಬೇಕೆಂದು ಮೊದಲೇ ತಿಳಿಯುತ್ತದೆ. ಕಿಕ್‌ಸ್ಟಾರ್ಟರ್ ಶೇ 5 ಹಿಡಿಯುತ್ತದೆ, ಪಾವತಿ ಶುಲ್ಕ ಬೇರೆ. ಅದು ಸಹಿಸಬಹುದಾದ ಖರ್ಚು. ನಿಜವಾದ ಅಪಾಯ ಕಾಲದ್ದು. ಇವತ್ತು ತೆಗೆದುಕೊಂಡ ಹಣದಲ್ಲಿ ಒಂದೂವರೆ ವರ್ಷದ ಮೇಲೆ ಅಚ್ಚು ಹಾಕಿಸಿ ಸಾಗಿಸಬೇಕು. 2021ರಲ್ಲಿ ಚೀನಾದಿಂದ ಬರುವ ಹಡಗು ಕಂಟೇನರ್ ಬಾಡಿಗೆ ಹಲವು ಪಟ್ಟು ಏರಿದಾಗ, ಹಳೆಯ ದರದಲ್ಲಿ ಸಾಗಣೆ ವೆಚ್ಚ ವಸೂಲಿ ಮಾಡಿದ್ದ ಸಣ್ಣ ಪ್ರಕಾಶಕರು ಕೈಯಿಂದ ಹಣ ಹಾಕಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಚೀನಾ ಸರಕಿನ ಮೇಲೆ ಅಮೆರಿಕದ ಸುಂಕ ಶೇ 145ಕ್ಕೆ ಹೋಯಿತು. ಪುಸ್ತಕಗಳಿಗೆ ವಿನಾಯಿತಿ ಇತ್ತು, ದಾಳ, ಗೊಂಬೆ, ಪೆಟ್ಟಿಗೆಗಳಿಗೆ ಇರಲಿಲ್ಲ. ಅದೇ ವರ್ಷ ಜನವರಿಯಲ್ಲಿ ಡೈಮಂಡ್ ಎಂಬ ದೊಡ್ಡ ವಿತರಣಾ ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ಆಟಗಳ ಮುಖ್ಯ ಡಿಸ್ಟ್ರಿಬ್ಯೂಟರ್ ಆಗಿದ್ದ ಅಲಯನ್ಸ್ ಅದರ ಕೈಕೆಳಗೇ ಇತ್ತು.

ಪಿಡಿಎಫ್ ಮಾತ್ರ ಮಾರಿದರೆ ಈ ತಲೆನೋವಿಲ್ಲ. ಮೊದಲ ಆಟ ತರುವವರಿಗೆ ನಾನು ಹೇಳುವುದೂ ಅದನ್ನೇ. ಆದರೆ ಅಲ್ಲಿ ಬೆಲೆ ಕಡಿಮೆ, ಆಟಗಳ ರಾಶಿ ದೊಡ್ಡದು, ಕಣ್ಣಿಗೆ ಬೀಳುವುದೇ ಕಷ್ಟ.

ಜನರ ಮುಂಗಡಕ್ಕೆ ಇನ್ನೊಂದು ಮುಖವಿದೆ. ಹಣ ಕೊಟ್ಟವರೆಲ್ಲ ಆಡುತ್ತಾರೆ ಎಂದೇನಿಲ್ಲ. ಚಂದದ ಪುಸ್ತಕ ಬರುತ್ತದೆ, ಎರಡು ಸಂಜೆ ತಿರುವಿ ನೋಡುತ್ತಾರೆ, ಕಪಾಟಿಗೆ ಸೇರುತ್ತದೆ. ಪ್ರಕಾಶಕರಿಗೆ ಹಣ ಬಂತು, ಆದರೆ ಆಟ ನಡೆಯಲಿಲ್ಲ. ಆಡದ ಆಟದ ಬಗ್ಗೆ ಯಾರೂ ಮಾತಾಡುವುದಿಲ್ಲ. ಎರಡನೇ ಪುಸ್ತಕ ತಂದಾಗ ಕೊಳ್ಳುವವರೂ ಇರುವುದಿಲ್ಲ.

ಹಾಗಾಗಿ ನಿಯಮಪುಸ್ತಕದಷ್ಟೇ ಶ್ರದ್ಧೆಯಿಂದ ಮಾಡಬೇಕಾದದ್ದು ಮೊದಲ ಸಂಜೆಯ ಆಟವನ್ನು. ಉಚಿತವಾಗಿ ಸಿಗುವ ಒಂದು ಸಣ್ಣ ಕಿರುಪುಸ್ತಕ, ಮೂರು ಗಂಟೆಯಲ್ಲಿ ಮುಗಿಯುವ ಒಂದು ಸಾಹಸ, ಸಿದ್ಧಮಾಡಿಟ್ಟ ಐದು ಪಾತ್ರಗಳು. ಗೇಮ್ ಮಾಸ್ಟರ್ ಬೆಳಿಗ್ಗೆ ಓದಿದರೆ ಸಂಜೆ ನಡೆಸುವಂತಿರಬೇಕು. ಶ್ಯಾಡೋಡಾರ್ಕ್ ತನ್ನ ಕಿರುಪುಸ್ತಕವನ್ನು ಪುಕ್ಕಟೆ ಕೊಟ್ಟಿತು. ಡ್ಯಾಗರ್‌ಹಾರ್ಟ್ 2024ರ ಮಾರ್ಚ್‌ನಲ್ಲೇ ತನ್ನ ಕರಡನ್ನು ಎಲ್ಲರಿಗೂ ತೆರೆದಿಟ್ಟಿತು, ಬೇರೆಯವರು ಅದಕ್ಕೆ ಸಾಹಸ ಬರೆಯಲು ಪರವಾನಗಿಯನ್ನೂ ಕೊಟ್ಟಿತು. ಗುಂಪಿನ ಮುಂದೆ "ನಮ್ಮ ಹಳೆಯ ಕಥೆ ಬಿಡೋಣ" ಎಂಬ ದೊಡ್ಡ ಮಾತು ಆಡಬೇಕಿಲ್ಲ. ಈ ಶನಿವಾರ ಒಬ್ಬರು ಬರುತ್ತಿಲ್ಲ, ನಮ್ಮ ಕಥೆ ಮುಂದುವರಿಸಲು ಆಗುವುದಿಲ್ಲ, ಅಷ್ಟರಲ್ಲಿ ಇದೊಂದನ್ನು ಆಡಿ ನೋಡೋಣವಾ ಎಂದು ಕೇಳಿದರೆ ಸಾಕು. ಹೊಸ ಆಟಗಳು ಹೆಚ್ಚಾಗಿ ಇಂಥ ಖಾಲಿ ಶನಿವಾರಗಳಲ್ಲೇ ಗುಂಪಿನೊಳಗೆ ಬರುತ್ತವೆ.